ನುಂಗಬಾರದು

ಪಾಲಿಬೆಟ್ಟದ ಕ್ಲಬ್ಬಿನಲ್ಲಿ ಐದು ಚುಟ್ಟಗಳಿಗೆ
ಅಂಕ ಹಾಕಲು ನನ್ನನ್ನೂ ಕರೆದರು.
ಚುಟ್ಟ ಅಲ್ಲಮ್ಮ, ಸಿಗಾರ್, ಎಂದು ತಿದ್ದಿದರು
ಕರ್ನಲ್ ಬೆಳ್ಯಪ್ಪ, ಮೀಸೆ ನೀವಿಕೊಂಡು.

ನಾನು ಸಿದ್ದಾಪುರದ ಕ್ಯೂರಿಂಗ್ ವರ್ಕ್ಸಿನಲ್ಲಿ
ಹನ್ನೊಂದು ವರ್ಷದಿಂದ ಕಾಫಿ ಹೀರಿ ಉಗಿಯುವವಳು.
ಸೇದಿ ಗೊತ್ತಿಲ್ಲ ಅಂದೆ.
ನಾಲಿಗೆ ಗೊತ್ತಲ್ಲ, ಸಾಕು ಅಂದರು.

ಬಿಲಿಯರ್ಡ್ಸ್ ಮೇಜಿಗೆ ಬಿಳಿ ಬಟ್ಟೆ ಹೊದಿಸಿ
ಹೆಸರಿನ ಉಂಗುರ ಕಿತ್ತು, ನಂಬರು ಅಂಟಿಸಿ
ಹೆರಿಗೆ ವಾರ್ಡಿನ ಕೂಸುಗಳಂತೆ
ಸಾಲಾಗಿ ಮಲಗಿಸಿದ್ದರು ಐದನ್ನೂ.
ಲೋಕವೆಲ್ಲ ಇವಕ್ಕೆ ತೇವ ಹುಡುಕುತ್ತದಂತೆ.
ನಮ್ಮ ಆಷಾಢದಲ್ಲಿ ಮಾತ್ರ ಉಲ್ಟಾ:
ಬೇರರ್ ಅಬೂಬಕ್ಕರ್ ವಾರದಿಂದ ಅವನ್ನು
ಕೋಟು ತೂಗುಹಾಕುವ ಬೀರುವಿನೊಳಗೆ
ನಲವತ್ತು ವ್ಯಾಟಿನ ಬಲ್ಬು ಹಚ್ಚಿ
ಬೂಷ್ಟು ಹಿಡಿಯದಂತೆ ಕಾದಿದ್ದ.

ಬೆಂಕಿ ಮುಟ್ಟಿಸಬೇಡಿ, ಬರೇ ತೋರಿಸಿ.
ಹೊಗೆ ಬಾಯಿಗಷ್ಟೆ. ನುಂಗಬಾರದು.
ಅದೊಂದು ಪಾಠ ನನಗೆ ಮೊದಲೇ ಬರುತ್ತಿತ್ತು.

ಒಂದನೆಯದು ಒಂದೇ ಪಕ್ಕ ಉರಿದು
ಇನ್ನೊಂದು ಪಕ್ಕ ಮುಖ ತಿರುಗಿಸಿ ಕೂತಿತು.
ಎರಡನೆಯದು ಬಿಗಿ; ಎಳೆದರೆ
ಎಳನೀರ ಗಂಜಿ ಸಿಕ್ಕಿಕೊಂಡ ಸ್ಟ್ರಾ.
ತೊಗಲು, ಎಂದರು ತೋಟದ ಚೆಂಗಪ್ಪ.
ದೇವದಾರು, ಕೊನೆಗೆ ತುಸು ಕೊಕೊ,
ಎಂದರು ವಿರಾಜಪೇಟೆಯ ಹಲ್ಲಿನ ಡಾಕ್ಟರು.
ಬೂದಿ ಒಂದೂವರೆ ಇಂಚು ನಿಂತದ್ದಕ್ಕೆ
ಯಾರೋ ಚಪ್ಪಾಳೆ ತಟ್ಟಿದರು.
ನಾನು ಬರೆದುಕೊಂಡೆ: ಸೆಳೆತ ಹನ್ನೆರಡು, ಉರಿ ಒಂಬತ್ತು.

ಮೂರನೆಯದು.
ಬಾಯ್ತುಂಬ ತೆಗೆದುಕೊಂಡೆ, ಕೆನ್ನೆಯಲ್ಲಿ ಹೊರಳಿಸಿದೆ,
ಮೂಗಿನಿಂದ ಅಷ್ಟಿಷ್ಟು ಬಿಟ್ಟೆ.
ಪಿರಿಯಾಪಟ್ಟಣದಾಚೆ ನಮ್ಮೂರಲ್ಲಿ
ಐದು ದಿನ ಬೆಂದ ಬ್ಯಾರನ್ನಿನ ಬಾಗಿಲು ತೆರೆದ ಹೊತ್ತು.

ಅವ್ವ, ಪುಟ್ಟಸಿದ್ದಮ್ಮ, ಗೋಣಿಯ ಮೇಲೆ ಕೂತು
ಎಲೆಯನ್ನು ಬೆಳಕಿಗೆ ಹಿಡಿದು
ಹೆಬ್ಬೆರಳಲ್ಲಿ ಒಮ್ಮೆ ಸವರಿ ಎಸೆದರೆ
ಏಳು ಗುಡ್ಡೆ. ಪಟ್ಟಿ ಇಲ್ಲ, ಪೆನ್ಸಿಲ್ ಇಲ್ಲ.
ಹರಾಜಿನ ಕಟ್ಟೆಯಲ್ಲಿ ಟೈ ಕಟ್ಟಿದವರು ಬಂದು
ಅದೇ ಏಳು ಗುಡ್ಡೆಗೆ ಏಳು ಹೆಸರಿಟ್ಟು ಹೋಗುತ್ತಿದ್ದರು.
ಒಂದು ದಮ್ಮೂ ಎಳೆದವಳಲ್ಲ ಅವಳು.
ಇಬ್ಬನಿ ಆರದ ಹಸಿ ಎಲೆ ಕಂಕುಳಲ್ಲಿಟ್ಟು
ಸಾಲು ಮುಗಿಸುವಷ್ಟರಲ್ಲಿ ತಲೆ ಗಿರ್ರನೆ ತಿರುಗಿ
ಬದುವಿನ ಮೇಲೆ ಕುಕ್ಕರಿಸಿ ಕಾರಿಕೊಳ್ಳುತ್ತಿದ್ದಳು.
ಕೈಯ ಕಪ್ಪು ಅಂಟು ಹುಣಿಸೆಗೂ ಬಿಡಲಿಲ್ಲ;
ಅವಳು ಕಲಸಿದ ಅನ್ನ ನಮಗೆ ಕಹಿ.
ನುಂಗಬಾರದು ಅಂತ
ಚರ್ಮಕ್ಕೆ ಹೇಳುವವರು ಯಾರಿದ್ದರು?

ಏನು ಸಿಕ್ಕಿತಮ್ಮ, ಎಂದರು ಕರ್ನಲ್.
ಬ್ಯಾರನ್ನಿನ ಬಾಗಿಲು ಅಂದೆ.
ಅದು ಗುಣವೋ ದೋಷವೋ?
ಡಾಕ್ಟರು ಪೆನ್ನು ಎತ್ತಿ ಕಾಯುತ್ತಿದ್ದರು.
ಬೂದಿ ಆಗ ನನ್ನ ಹಾಳೆಯ ಮೇಲೇ ಬಿತ್ತು,
ಅಬೂಬಕ್ಕರ್ ಬಂದು ಒರೆಸಿದ,
ಮಾತು ಮಟನ್ ಕಟ್ಲೆಟ್ಟಿನ ಕಡೆ ಹೊರಳಿತು.

ತೊಂಬತ್ತೊಂದು ಕೊಟ್ಟೆ. ಗೆದ್ದದ್ದು ಐದನೆಯದು.
ಮೂರನೆಯದರ ಊರು ಯಾವುದೆಂದು ಓದಿ ಹೇಳಿದರು,
ಸಮುದ್ರದಾಚೆಯ ಯಾವುದೋ ಕಣಿವೆ;
ಅಲ್ಲೂ ಗೋಣಿ ಇರಬಹುದು,
ಅಲ್ಲೂ ಹೆಬ್ಬೆರಳು.

ಎರಡು ದಿನ ನಾಲಿಗೆ ಸತ್ತಿತ್ತು.
ಸ್ಯಾಂಪಲ್ ಬಟ್ಟಲುಗಳ ಎದುರು
ಬಿಸಿನೀರು ಯಾವುದು, ಡಿಕಾಕ್ಷನ್ ಯಾವುದು ತಿಳಿಯದೆ
ಹಲ್ಲುನೋವು ಅಂತ ರಜೆ ಬರೆದೆ.

ಮೂರನೆಯ ಬೆಳಿಗ್ಗೆ ಮರಳಿ ಬಂತು.
ಗೋಣಿಕೊಪ್ಪದ ಕಡೆಯ ರೋಬಸ್ಟಾ, ಮೊದಲ ಚಮಚ:
ಕಣ ಒದ್ದೆಯೆಂದು ಯಾರೋ ಪಾಪ
ಒಲೆ ಹೊತ್ತಿಸಿ ಬೀಜ ಒಣಗಿಸಿದ್ದಾರೆ.
ಉಗಿದೆ. ದೋಷದ ಕಾಲಮ್ಮಿನಲ್ಲಿ
ಹೊಗೆ, ಎಂದು ಬರೆದು,
ಪೆನ್ಸಿಲ್ ಹಿಡಿದ ಕೈಯನ್ನು
ಸುಮ್ಮನೆ ಮೂಸಿ ನೋಡಿಕೊಂಡೆ.